ಇಷ್ಟಕ್ಕೆ ಎಲ್ಲಿಗಾಗುತ್ತೋ ಅಲ್ಲಿಗೆ

ಟಿಕೆಟ್ ಕಿಟಕಿಯ ಗಾಜಿನ ಈಚೆ ಕೂತವರಿಗೆ ಜನರ ಮುಖಕ್ಕಿಂತ ಮೊದಲು ಕೈ ಕಾಣುತ್ತದೆ. ಇದು ಅವನಿಗೆ ಗೊತ್ತಿರಲಿಲ್ಲ. ಕೆಳಗಿನ ಕಂಡಿಯಲ್ಲಿ ಮೊದಲು ಕೈ ಬರುತ್ತದೆ, ಮಡಚಿದ ನೋಟನ್ನು ಬಿಡಿಸುತ್ತದೆ ಅಥವಾ ನಾಣ್ಯಗಳನ್ನು ಒಂದೊಂದಾಗಿ ಮುಂದಕ್ಕೆ ತಳ್ಳುತ್ತದೆ, ಆಮೇಲೆ ಧ್ವನಿ, ಎಲ್ಲಕ್ಕೂ ಕೊನೆಗೆ ಮುಖ. ಸುಣ್ಣ ಮೆತ್ತಿದ ಕೈ, ಉಗುರಿಗೆ ಬಣ್ಣ ಹಚ್ಚುತ್ತಾ ಮಧ್ಯಕ್ಕೇ ಬಿಟ್ಟ ಕೈ, ಬ್ಯಾಂಡೇಜು ಸುತ್ತಿದ ಹೆಬ್ಬೆರಳು. ಮಧ್ಯಕ್ಕೇ ಯಾಕೆ ಬಿಟ್ಟಳು, ಯಾರು ಕರೆದರು, ಬಾಗಿಲು ಯಾರು ತಟ್ಟಿದರು ಎಂದು ಅವನು ಯೋಚಿಸುತ್ತಿರುವಾಗಲೇ ಆ ಕೈ ಟಿಕೆಟ್ ಹಿಡಿದು ಹೊರಟುಹೋಗುತ್ತಿತ್ತು, ಅವನಿಗೆ ಏನನ್ನೋ ಕಸಿದುಕೊಂಡ ಹಾಗಾಗುತ್ತಿತ್ತು. ಕುತೂಹಲ ಅವನ ಹುಟ್ಟುಗುಣ. ಕಚೇರಿಯಲ್ಲಿ ಬೆನ್ನ ಹಿಂದೆ ಅವನನ್ನು ಪ್ರಶ್ನೆಪತ್ರಿಕೆ ಎಂದು ಕರೆಯುತ್ತಾರೆ. ಅದು ಅವನಿಗೂ ಗೊತ್ತು. ಮೊದಲು ಹಾಗೆ ಕರೆದವರು ಯಾರು ಎಂದು ಒಬ್ಬೊಬ್ಬರನ್ನೇ ವಿಚಾರಿಸಲು ಹೋಗಿ ಆ ಹೆಸರನ್ನು ಇನ್ನಷ್ಟು ಗಟ್ಟಿಮಾಡಿಕೊಂಡಿದ್ದ.

ನಗರದ ರೈಲಿನ ಕಚೇರಿಯಲ್ಲಿ ಅವನದು ಮೇಜಿನ ಕೆಲಸ. ಸ್ಟೇಷನ್ನುಗಳಲ್ಲಿ ದುಡ್ಡು ತೆಗೆದುಕೊಂಡು ಟಿಕೆಟ್ ಕೊಡುವ ಕಿಟಕಿಗಳನ್ನು ಮುಚ್ಚಿ, ಎಲ್ಲವನ್ನೂ ಕಾರ್ಡಿಗೆ ಮತ್ತು ಫೋನಿಗೆ ಒಪ್ಪಿಸಿಬಿಡುವುದೇ ಬೇಡವೇ ಎಂದು ನಾಳೆ ಸಭೆಯಿತ್ತು. "ಅರ್ಧ ಜನ ಮುಚ್ಚಿ ಅಂತಾರೆ, ಅರ್ಧ ಜನ ಇರ್ಲಿ ಅಂತಾರೆ. ನೀವು ಹೋಗಿ ಒಂದು ದಿನ ಕಿಟಕಿ ಒಳಗೆ ಕೂತು ನೋಡ್ಕೊಂಡು ಬನ್ನಿ. ನೀವೇನು ಹೇಳ್ತೀರೋ ಅದೇ ಕೊನೆ ಮಾತು," ಎಂದಿದ್ದರು ಮೇಲಧಿಕಾರಿ. ಅಷ್ಟು ದೊಡ್ಡ ಮಾತು ತನ್ನ ಪಾಲಿಗೆ ಬಂದದ್ದಕ್ಕೆ ಅವನು ಹಿಗ್ಗಿದ್ದ. ಮುಚ್ಚಲು ಇದ್ದ ಕಾರಣಗಳೇನೂ ಸುಳ್ಳಲ್ಲ: ದುಡ್ಡು ಸಾಗಿಸಲು ವ್ಯಾನು ಬೇಕು, ವ್ಯಾನಿಗೆ ಕಾವಲು ಬೇಕು, ಹರಿದ ನೋಟಿನ ಜಗಳ ಮುಗಿಯುವುದರೊಳಗೆ ಹಿಂದಿದ್ದವರ ರೈಲು ತಪ್ಪಿರುತ್ತದೆ. ಮುಚ್ಚುವುದೇ ಸರಿ ಎಂದು ಮುಕ್ಕಾಲು ಪಾಲು ತೀರ್ಮಾನ ಮಾಡಿಕೊಂಡೇ ಅವನು ಬಂದಿದ್ದ. ಗಾಜಿನ ಅರ್ಧಕ್ಕೆ ಅಂಟಿಸಿದ್ದ, 'ಕಾರ್ಡು ಹಿಡಿಯಿರಿ, ಸಾಲು ಬಿಡಿ' ಎಂಬ ದೊಡ್ಡ ಭಿತ್ತಿಪತ್ರದ ಮಾತು ಅವನೇ ಬರೆದದ್ದು. ಅದರ ಹಿಂದೆಯೇ ಅವನಿಗೆ ಸ್ಟೂಲು ಹಾಕಿಕೊಟ್ಟಿದ್ದರಿಂದ ಹೊರಗಿನವರಿಗೆ ಅವನು ಕಾಣುತ್ತಿರಲಿಲ್ಲ. ಬೆಳಗ್ಗೆ ಕಚೇರಿಯ ಕಾರು ಅವನನ್ನು ಇಲ್ಲಿಗೆ ತಂದು ಇಳಿಸಿತ್ತು.

ಟಿಕೆಟ್ ಕೊಡುವವಳು ನಲವತ್ತು ದಾಟಿದ, ದಪ್ಪ ಕನ್ನಡಕದ ಹೆಂಗಸು. ಕಿಟಕಿ ಮುಚ್ಚಿದರೆ ಅವಳ ಕೆಲಸವೇನೂ ಹೋಗುವುದಿಲ್ಲ, ಮೇಲಿನ ವಿಚಾರಣೆಯ ಮೇಜಿಗೆ ಹಾಕುತ್ತಾರೆ; ಅದನ್ನು ಅವನು ಬಂದ ಕೂಡಲೇ ಕೇಳಿ ತಿಳಿದುಕೊಂಡಿದ್ದ. ಮೊದಮೊದಲು ಅವನು ಭಿತ್ತಿಪತ್ರದ ಪಕ್ಕದಿಂದ ಇಣುಕಿ, "ಯಾಕೆ ಕಾರ್ಡು ಮಾಡಿಸಿಲ್ಲ?" ಎಂದು ಬಂದವರನ್ನೆಲ್ಲ ಕೇಳಿದ. ಒಬ್ಬಳು ಫೋನು ಮಗನ ಹತ್ತಿರ ಇದೆ ಎಂದಳು. ಒಬ್ಬನು ಕೂಲಿ ದುಡ್ಡು ಕೈಗೇ ಕೊಡ್ತಾರೆ, ಅದನ್ನ ಫೋನಿನೊಳಗೆ ಹೇಗೆ ತುರುಕಲಿ ಎಂದ. ಇನ್ನೊಬ್ಬ ಗಾಜಿಗೆ ಮೂಗು ತಾಗಿಸಿ, "ಯಾಕೆ, ನಾನು ಕೊಟ್ಟಿದ್ದು ಕಳ್ಳನೋಟಾ?" ಎಂದು ಮೇಲೆ ಬಿದ್ದ. ಟಿಕೆಟ್‌ನವಳು ತಲೆ ತಿರುಗಿಸದೆ, "ಸರ್, ನೀವು ಕೇಳ್ಬೇಡಿ, ಸುಮ್ನೆ ನೋಡಿ. ಕೇಳಿದ್ರೆ ಜನ ಹೆದರ್ಕೋತಾರೆ," ಎಂದಳು. ಅವನು ಪೆಚ್ಚಾಗಿ ಒಳಗೆ ಸರಿದುಕೊಂಡ. ಕೇಳಿದರೆ ಯಾಕೆ ಹೆದರಬೇಕು? ಕೇಳುವುದೆಂದರೆ ಅವರ ಮೇಲೆ ಆಸ್ಥೆ ಇದೆ ಎಂದಲ್ಲವೇ? ಅವನ ಮನೆಯಲ್ಲಿ ಪ್ರೀತಿಯೆಂದರೆ ಕೇಳುವುದೇ ಆಗಿತ್ತು.

ಮನೆಯ ಕಾರ್ಡುಗಳನ್ನು ಅವನ ಫೋನಿಗೆ ಜೋಡಿಸಿಕೊಟ್ಟವಳು ಮಗಳು. ಒಂದು ಅವನದು, ಒಂದು ಅವನ ಹೆಂಡತಿಯದು. ಅವಳು ಯಾವುದೇ ಸ್ಟೇಷನ್ನಿನ ಗೇಟಿಗೆ ಕಾರ್ಡು ತಾಗಿಸಿದರೆ ಅವನ ಜೇಬಿನಲ್ಲಿ ಫೋನು ಸಣ್ಣಗೆ ಕುಲುಕುತ್ತಿತ್ತು: ಎರಡನೇ ಕಾರ್ಡು ಒಳಗೆ ಹೋಗಿದೆ, ಎರಡನೇ ಕಾರ್ಡು ಹೊರಗೆ ಬಂದಿದೆ. ನ್ಯಾಯವಾಗಿರಲಿ ಎಂದು ಅವನು ತನ್ನ ಕಾರ್ಡಿನ ಸುದ್ದಿಯೂ ಅವಳ ಫೋನಿಗೆ ಹೋಗುವ ಹಾಗೆ ಮಾಡಿಸಿದ್ದ. ಕಚೇರಿಯ ಮೇಜಿನಲ್ಲಿ ಕೂತು ಅವಳು ಊರಿನ ಯಾವುದೋ ಮೂಲೆಯಲ್ಲಿ ಹೊರಗೆ ಬಂದಳೆಂದು ತಿಳಿಯುವುದು ಅವನಿಗೆ ಎಂಥದೋ ಸುಖ ಕೊಡುತ್ತಿತ್ತು, ತಾನೇ ಅವಳ ಪಕ್ಕದಲ್ಲಿ ನಡೆದ ಹಾಗೆ. ರಾತ್ರಿ ಊಟಕ್ಕೆ ಕೂತಾಗ ಫೋನು ತೆಗೆದು ಓದುತ್ತಿದ್ದ. "ನದಿ ಸ್ಟೇಷನ್ನಲ್ಲಿ ಇಳಿದು ಅಷ್ಟು ಹೊತ್ತು ಏನು ಮಾಡ್ದೆ?" ದಾರ ತಗೊಂಡೆ ಎನ್ನುತ್ತಿದ್ದಳು. "ದಾರಕ್ಕೆ ಅಷ್ಟು ದೂರ ಯಾಕೆ ಹೋಗ್ಬೇಕಿತ್ತು?" ಆ ಬಣ್ಣ ಇಲ್ಲಿ ಸಿಗಲ್ಲ. "ಯಾವ ಬಣ್ಣ?" ತೋರಿಸುತ್ತಿದ್ದಳು. ಒಂದು ದಿನ ಮಾತ್ರ, "ಸುಮ್ನೆ ಹೋಗಿದ್ದೆ ರೀ," ಎಂದಳು. ಅವನಿಗೆ ನಗು ಬಂತು. "ಸುಮ್ನೆ ಯಾರಾದ್ರೂ ಹೋಗ್ತಾರೇನೇ? ಏನೋ ಒಂದು ಕಾರಣ ಇರುತ್ತಪ್ಪ," ಎಂದು, ಅವಳು ಕಾರಣ ಹೇಳುವವರೆಗೂ ಬಿಡಲಿಲ್ಲ. ಕೊನೆಗೆ ಅವಳು ಏನೋ ಒಂದು ಹೇಳಿದಳು. ಅದು ಏನು ಎಂಬುದು ಈಗ ನೆನಪಿಗೆ ಬರುತ್ತಿಲ್ಲ.

ಆಮೇಲೆ ಅವಳಿಗೆ ಮಂಡಿ ನೋವು ಶುರುವಾಯಿತು. ಮೆಟ್ಟಿಲು ಹತ್ತಿ ಇಳಿಯೋಕಾಗಲ್ಲ ಎಂದು ಹೊರಗೆ ಹೋಗುವುದನ್ನೇ ಬಿಟ್ಟಳು, ಎರಡನೇ ಕಾರ್ಡು ಅಡುಗೆಮನೆಯ ಡ್ರಾಯರಿನಲ್ಲಿ ಚಮಚಗಳ ಜೊತೆ ಮಲಗಿತು. ಫೋನು ಕುಲುಕದ ದಿನಗಳಲ್ಲಿ ಅವನಿಗೆ ಬೇಜಾರಾಗುತ್ತಿತ್ತು. ಔಷಧಿ ಅಂಗಡಿಯವನನ್ನು ನಾನಾ ರೀತಿ ಪ್ರಶ್ನಿಸಿ ಒಂದು ಮುಲಾಮು ತಂದ, ಊಟವಾದ ಮೇಲೆ ಅವಳ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ತಾನೇ ತಿಕ್ಕುವುದನ್ನು ರೂಢಿ ಮಾಡಿಕೊಂಡ. "ಇಲ್ಲಿ ನೋಯುತ್ತಾ? ಇಲ್ಲಿ? ಒಳಗಾ, ಮೇಲಾ?" ಅವಳು ಛಾವಣಿ ನೋಡುತ್ತಾ ಹ್ಞೂಂ, ಹ್ಞೂಂ ಎನ್ನುತ್ತಿದ್ದಳು. ಆ ಘಾಟು ಬೆಳಗಿನವರೆಗೂ ಅವನ ಬೆರಳಿಂದ ಹೋಗುತ್ತಿರಲಿಲ್ಲ. ಈಗಲೂ, ಕಿಟಕಿಯೊಳಗೆ ಗದ್ದಕ್ಕೆ ಕೈಕೊಟ್ಟು ಕೂತಾಗ, ನಿನ್ನೆಯ ಘಾಟು ಸ್ವಲ್ಪ ಉಳಿದಿತ್ತು.

ಅವನ ಜಾಗದಿಂದ ನೋಡಿದರೆ ಬೀದಿಯಿಂದ ಇಳಿದುಬರುವ ಮೆಟ್ಟಿಲ ಸಾಲು ಕಾಣುತ್ತಿತ್ತು. ಆದರೆ ಅಡ್ಡಲಾಗಿ ಒಂದು ಫಲಕ ಇದ್ದುದರಿಂದ ಜನರ ಕಾಲು ಮಾತ್ರ. ಕಾಲುಗಳನ್ನು ನೋಡಿ ಕೈಗಳನ್ನು ಊಹಿಸುವುದು ಅವನಿಗೆ ಆಟವಾಯಿತು. ಊಟದ ಹೊತ್ತಿಗೆ ಮುಂಚೆ ಜನ ತೆಳುವಾದರು. ಆಗ ಒಂದು ಜೊತೆ ಕಾಲು ಕಂದು ಚಪ್ಪಲಿ ಹಾಕಿಕೊಂಡು ಪಟಪಟನೆ ಇಳಿದುಬಂತು, ಪಕ್ಕದ ಕಂಬಿ ಹಿಡಿಯದೆ, ಕೊನೆಯ ಎರಡು ಮೆಟ್ಟಿಲನ್ನು ಒಂದೇ ಮಾಡಿಕೊಂಡು. ಯಾರೋ ಪ್ರಾಯದವಳು, ತಡವಾಗಿರಬೇಕು, ಎಂದುಕೊಂಡ. ಕಂಡಿಯಲ್ಲಿ ಕೈ ಬಂತು. ಮಣಿಕಟ್ಟಿನ ಪಕ್ಕದಲ್ಲಿ ಇಸ್ತ್ರಿಪೆಟ್ಟಿಗೆ ತಾಗಿದ ಹಳೆಯ ಕಲೆ ಇತ್ತು. ಸುಟ್ಟ ದಿನ ಅದಕ್ಕೆ ಅವನೇ ತಣ್ಣೀರು ಹಾಕಿದ್ದ.

"ಬಂದ್ರಾ ಅಕ್ಕಾ? ಹೋದ ಸಲ ಕಳಿಸಿದ್ದು ಹೇಗಿತ್ತು?" ಎಂದಳು ಟಿಕೆಟ್‌ನವಳು.

"ಅಯ್ಯೋ, ಅಲ್ಲೇನಿದೆ ಕಣೇ! ಒಂದು ಗೋಡೆ, ಗೋಡೆ ಆಚೆ ಇನ್ನೊಂದು ಗೋಡೆ. ಆದ್ರೆ ಆ ಗೋಡೆ ಮೇಲೆ ಒಂದು ಆಡು ನಿಂತಿತ್ತು. ಅಷ್ಟೆತ್ತರ! ಅದು ಹೇಗೆ ಹತ್ತಿತು ಅಂತ ನೋಡ್ತಾ ನಿಂತುಬಿಟ್ಟೆ."

"ಇಳೀತಾ?"

"ಇಳೀದೆ ಏನ್ಮಾಡುತ್ತೆ? ನಾನೂ ಅದು ಇಳಿಯೋವರೆಗೂ ಬಿಡಲಿಲ್ಲ," ಎಂದು ಅವಳು ನಕ್ಕಳು. ಆ ನಗು ಅವನಿಗೆ ಗೊತ್ತಿದ್ದದ್ದೇ. ಬಹಳ ದಿನದಿಂದ ಕೇಳಿರಲಿಲ್ಲ ಎಂಬುದು ಮಾತ್ರ ಈಗ ಗೊತ್ತಾಯಿತು. "ತಗೋ, ಇವತ್ತು ಇಷ್ಟಿದೆ. ಇಷ್ಟಕ್ಕೆ ಎಲ್ಲಿಗಾಗುತ್ತೋ ಅಲ್ಲಿಗೆ ಕೊಡು. ಗೋಡೆ ಬೇಡ, ನೋಡು."

ನಾಣ್ಯಗಳು ಕಂಡಿಯಲ್ಲಿ ಜಾರಿದವು. ಟಿಕೆಟ್‌ನವಳು ಒಂದು ಕ್ಷಣ ಯೋಚಿಸಿ ಗುಂಡಿ ಒತ್ತಿದಳು, ಬಂದ ಟಿಕೆಟನ್ನು ಸ್ಟೇಷನ್ನಿನ ಹೆಸರು ಒಳಗಾಗುವಂತೆ, ಗೇಟಿಗೆ ತೋರಿಸುವ ಗುರುತು ಮಾತ್ರ ಹೊರಗಿರುವಂತೆ ಮಡಚಿ ಆಚೆ ತಳ್ಳಿದಳು. "ರೈಲು ಹತ್ತಿದ ಮೇಲೆ ಬಿಡಿಸ್ಬೇಕು, ಈಗ ಅಲ್ಲ." "ಗೊತ್ತಮ್ಮಾ, ಗೊತ್ತು." ಕೈ ಹೋಯಿತು. ಕಂದು ಚಪ್ಪಲಿಗಳು ಗೇಟಿನ ಕಡೆ ಪಟಪಟನೆ ನಡೆದವು. ಭಿತ್ತಿಪತ್ರದ ಹಿಂದೆ ಅವನು ಉಸಿರು ಬಿಗಿಹಿಡಿದು ಕೂತಿದ್ದ, ಕಳ್ಳತನ ಮಾಡಲು ಬಂದು ಮನೆಯವರ ಮಾತು ಕೇಳಿಸಿಕೊಂಡವನ ಹಾಗೆ.

"ತಪ್ಪೇನಿಲ್ವಲ್ಲ ಸರ್?" ಎಂದಳು ಟಿಕೆಟ್‌ನವಳು, ಅವನ ಮೌನವನ್ನು ಸಿಟ್ಟೆಂದು ತಿಳಿದು. "ದುಡ್ಡು ಸರಿಯಾಗೇ ತಗೊಂಡಿದೀನಿ. ಮಷಿನ್ನಾದ್ರೆ ಮೊದಲು ಎಲ್ಲಿಗೆ ಅಂತ ಹೇಳಿ ಅನ್ನುತ್ತೆ. ಇವರಿಗೆ ಅದೇ ಗೊತ್ತಿರಲ್ಲ."

"ಯಾರವರು?" ಅವನ ಧ್ವನಿ ಅವನಿಗೇ ಬೇರೆಯಾಗಿ ಕೇಳಿಸಿತು.

"ಗೊತ್ತಿಲ್ಲ. ವಾರಕ್ಕೊಂದ್ಸಲ ಬರ್ತಾರೆ."

"ಹೆಸರು? ಮನೆ ಎಲ್ಲಿ? ಏನೂ ಕೇಳಲೇ ಇಲ್ವಾ?"

"ಇಲ್ಲ ಸರ್. ಕೇಳ್ಬೇಕು ಅನ್ನಿಸ್ಲಿಲ್ಲ," ಎಂದು ಅವಳು ನಾಣ್ಯಗಳನ್ನು ಅವುಗಳ ಗೂಡಿಗೆ ಹಾಕಿದಳು.

ಅವನಿಗೆ ಮೊದಲು ಬಂದದ್ದು ಸಿಟ್ಟು. ತಿಕ್ಕಿದ ಮುಲಾಮು, ಹ್ಞೂಂ ಹ್ಞೂಂ ಎಂದದ್ದು, ಛಾವಣಿಯ ಮೇಲಿದ್ದ ಆ ಕಣ್ಣು ಎಲ್ಲ ಒಟ್ಟಿಗೆ ಮುಖಕ್ಕೆ ರಾಚಿದವು. ತಾನೊಬ್ಬ ಬೆಪ್ಪ, ಇಲ್ಲದ ನೋವಿಗೆ ಮಂಡಿಯೂರಿ ಕೂತವನು. ಆಮೇಲೆ ಅನುಮಾನ. ಎಲ್ಲಿಗೆಂದು ಗೊತ್ತಿಲ್ಲದೆ ಹೊರಡುವವರು ಉಂಟೇ? ಇದೆಲ್ಲ ನೆಪವಿರಬೇಕು, ಮುಂದಿನ ಸ್ಟೇಷನ್ನಿನಲ್ಲಿ ಯಾರಾದರೂ ಕಾಯುತ್ತಿರಬೇಕು. ಅನುಮಾನ ಬಂದದ್ದಕ್ಕೆ ನಾಚಿಕೆಯಾಯಿತು, ನಾಚಿಕೆಯಾದರೂ ಅನುಮಾನ ಹೋಗಲಿಲ್ಲ. ಆದರೆ ಎಲ್ಲಕ್ಕಿಂತ ಒಳಗೆ ಚುಚ್ಚುತ್ತಿದ್ದುದು ಆಡು. ಗೋಡೆಯ ಮೇಲಿನ ಆಡಿನ ಸುದ್ದಿಯನ್ನು ಅವಳು ತನಗೆ ಹೇಳಲಿಲ್ಲ. ಇಡೀ ಊರಿನಲ್ಲಿ ಆ ಆಡಿನ ವಿಷಯ ಕೇಳಿ ತನ್ನಷ್ಟು ಸಂತೋಷಪಡುವವನು ಇನ್ನೊಬ್ಬ ಇರಲಿಕ್ಕಿಲ್ಲ. ಹಾಗಿದ್ದೂ ಅವಳು ಅದನ್ನು ಗಾಜಿನ ಕಂಡಿಯ ಮೂಲಕ, ಹೆಸರು ಗೊತ್ತಿಲ್ಲದ ಒಬ್ಬಳಿಗೆ ಹೇಳಿದಳು. ಯಾಕೆ ಎಂದು ಕೇಳಿಕೊಂಡ ಕೂಡಲೇ ಅವನಿಗೆ ಊಟದ ಮೇಜು ಕಂಡಿತು, ತನ್ನ ಧ್ವನಿ ಕೇಳಿತು: ಆ ಕಡೆ ಯಾಕೆ ಹೋಗಿದ್ದೆ? ಯಾವ ರೈಲು? ಎಷ್ಟು ಹೊತ್ತು ನಿಂತಿದ್ದೆ? ಒಬ್ಬಳೇನಾ? ಆಡು ಮೂರನೇ ಪ್ರಶ್ನೆಯ ಹೊತ್ತಿಗೇ ಗೋಡೆ ಇಳಿದು ಹೋಗಿರುತ್ತಿತ್ತು.

ಇಷ್ಟು ಹೊಳೆದ ಮೇಲೂ ಅವನು ಸ್ಟೂಲಿನಿಂದ ಎದ್ದ. ಹುಟ್ಟುಗುಣ. ಅವಳು ಇನ್ನೂ ಪ್ಲಾಟ್‌ಫಾರಂ ಮೇಲೆ ಇರಬಹುದು, ಬೇರೆ ಬೋಗಿಯಲ್ಲಿ ಹತ್ತಿದರಾಯಿತು, ಒಂದೇ ಒಂದು ಸಲ ನೋಡಿಬಿಟ್ಟರಾಯಿತು. ಗೇಟಿನ ಹತ್ತಿರ ಹೋಗಿ ಕಾರ್ಡು ತೆಗೆದವನು ಕೈಯನ್ನು ಅರ್ಧದಲ್ಲೇ ನಿಲ್ಲಿಸಿದ. ಇದನ್ನು ತಾಗಿಸಿದರೆ ಅವಳ ಕೈಚೀಲದಲ್ಲಿ ಫೋನು ಕುಲುಕುತ್ತದೆ: ಮೊದಲನೇ ಕಾರ್ಡು ಒಳಗೆ ಬಂದಿದೆ, ಇದೇ ಸ್ಟೇಷನ್ನು, ಇದೇ ಗಳಿಗೆ. ತಾನೇ ಮಾಡಿಸಿದ ನ್ಯಾಯ. ಇಷ್ಟು ದಿನ ತನ್ನ ಓಡಾಟದ ಸುದ್ದಿಗಳೆಲ್ಲ ಅವಳ ಫೋನಿಗೆ ಹೋಗುತ್ತಿದ್ದವು, ಅವಳು ಒಂದು ದಿನವೂ ಎಲ್ಲಿಗೆ ಹೋಗಿದ್ರಿ ಎಂದು ಕೇಳಿರಲಿಲ್ಲ ಎಂಬುದು ಅವನಿಗೆ ಗೇಟಿನ ಮುಂದೆ ನಿಂತು ಮೊದಲ ಸಲ ನೆನಪಾಯಿತು. ಅವನು ಕಿಟಕಿಗೆ ಬಂದ, ಈ ಸಲ ಹೊರಗಡೆಯಿಂದ, ತನ್ನದೇ ಭಿತ್ತಿಪತ್ರವನ್ನು ಓದುತ್ತಾ.

"ಒಂದು ಟಿಕೆಟ್ ಕೊಡಿ," ಎಂದು ಜೇಬು ತಡಕಿದ. ಪ್ಯಾಂಟಿನ ಜೇಬು, ಅಂಗಿಯ ಜೇಬು, ಪರ್ಸಿನ ಹಿಂಬದಿ. ಅವನು ದುಡ್ಡು ಇಟ್ಟುಕೊಳ್ಳುವುದನ್ನು ಬಿಟ್ಟು ಎಷ್ಟು ಕಾಲವಾಯಿತೋ.

ಟಿಕೆಟ್‌ನವಳಿಗೆ ನಗು ತಡೆಯಲಾಗಲಿಲ್ಲ. "ಮುಚ್ಚೋಕೆ ಬಂದವರ ಹತ್ರ ಚಿಲ್ಲರೆ ಇಲ್ವಾ ಸರ್? ಇರ್ಲಿ, ನಾನು ಹಾಕ್ತೀನಿ, ಸಂಜೆ ಕೊಡಿ. ಎಲ್ಲಿಗೆ?"

"ಈಗ ಹೋದ್ರಲ್ಲ... ಅವರಿಗೆ ಕೊಟ್ಟಿದ್ದೇ."

ಅವಳ ನಗು ನಿಂತಿತು. ಕನ್ನಡಕದ ಹಿಂದಿನ ಕಣ್ಣು ಅವನನ್ನು ಅಳೆಯಿತು. "ನೀವು ಅವರಿಗೆ ಏನಾಗ್ಬೇಕು?"

ಗಂಡ ಎಂದರೆ ಮುಗಿಯುತ್ತಿತ್ತು. ಗಂಡ ಎಂದು ಹೇಳಿಕೊಂಡು ಹೆಂಡತಿಯ ಬೆನ್ನ ಹಿಂದೆ ಹೋಗುವ ಟಿಕೆಟ್ ಕೇಳುವುದು ಅವನಿಂದಾಗಲಿಲ್ಲ. "ಏನೂ ಆಗ್ಬೇಕಿಲ್ಲ," ಎಂದ. ಹೇಳಿದ ಮೇಲೆ ಕಿವಿ ಬಿಸಿಯಾಯಿತು.

"ಹಾಗಾದ್ರೆ ಅದನ್ನ ಹೇಳೋಕಾಗಲ್ಲ ಸರ್. ನೀವು ಅಧಿಕಾರಿ, ಬೈದ್ರೂ ಬೈಸ್ಕೋತೀನಿ." ಅವಳು ಕೈ ಕಟ್ಟಿ ಕೂತಳು.

ಕೆಳಗೆ ರೈಲು ಬಂದ ಗಾಳಿ ಮೆಟ್ಟಿಲೇರಿ ಬಂದು ಭಿತ್ತಿಪತ್ರದ ಸಡಿಲ ಮೂಲೆಯನ್ನು ಅಲ್ಲಾಡಿಸಿತು, ಬಾಗಿಲು ಮುಚ್ಚುವ ಸದ್ದಾಯಿತು, ರೈಲು ಹೋಯಿತು. ಹಿಂದೆ ಒಬ್ಬ ಮುದುಕ ನಾಣ್ಯ ಹಿಡಿದು ನಿಂತು ಕೆಮ್ಮಿದ. ಅವನು ಪಕ್ಕಕ್ಕೆ ಸರಿದು ಮುದುಕನಿಗೆ ದಾರಿ ಬಿಟ್ಟ, ಮುದುಕ ಹೋದ ಮೇಲೆ ಮತ್ತೆ ಬಂದು ನಿಂತ. ಆಫೀಸಿನ ಕಾರಿನವನಿಗೆ ಫೋನು ಮಾಡಬಹುದಿತ್ತು, ಮತ್ತೆ ಒಳಗೆ ಹೋಗಿ ಸ್ಟೂಲಿನ ಮೇಲೆ ಕೂರಬಹುದಿತ್ತು. "ಹಾಗಾದ್ರೆ ನನಗೂ ಎಲ್ಲಿಗಾದ್ರೂ ಕೊಡಿ," ಎಂದ. ಅವಳು ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಗುಂಡಿ ಒತ್ತಿ, ಟಿಕೆಟನ್ನು ಅದೇ ರೀತಿ ಮಡಚಿ ಕೊಟ್ಟಳು.

ರೈಲಿನಲ್ಲಿ ಅದನ್ನು ಬಿಡಿಸುವಾಗ ಅವನ ಬೆರಳು ಅವಸರಪಟ್ಟಿತು. ದಿನವೂ ನಕ್ಷೆಯ ಮೇಲೆ ನೋಡಿದ ಹೆಸರೇ. ಒಂದು ಸಲವೂ ಇಳಿದಿರಲಿಲ್ಲ. ಗೇಟಿನ ಕಣ್ಣಿಗೆ ಟಿಕೆಟ್ ತೋರಿಸಿ ಹೊರಗೆ ಬಂದ. ಫೋನು ಕುಲುಕಲಿಲ್ಲ. ತಾನು ಹೊರಗೆ ಬಂದಿದ್ದೇನೆಂದು ಜಗತ್ತಿನಲ್ಲಿ ಯಾರಿಗೂ ತಿಳಿಯಲಿಲ್ಲ ಎಂದು ಹೊಳೆದಾಗ ಮೊದಲು ಗಾಬರಿಯಾಯಿತು, ಜನಸಂದಣಿಯಲ್ಲಿ ಅಮ್ಮನ ಕೈ ಬಿಟ್ಟುಹೋದ ಮಗುವಿನ ಹಾಗೆ. ಬಲಕ್ಕೆ ಹೋಗಲೋ ಎಡಕ್ಕೋ? ಯಾವ ಕಡೆಗೂ ಕಾರಣವಿರಲಿಲ್ಲ. ಎಡಕ್ಕೆ ಹೋದ. ಬೀಗದ ಅಂಗಡಿ, ಹಲ್ಲಿನ ಡಾಕ್ಟರು, ಒಡೆದ ಕುರ್ಚಿ ರಿಪೇರಿ ಮಾಡುತ್ತಿದ್ದ ಅಪ್ಪ ಮತ್ತು ಮೊಳೆ ಹಿಡಿದುಕೊಂಡ ಅವನ ಮಗಳು. ಬೀದಿಯ ಕೊನೆಗೆ ಅಗ್ನಿಶಾಮಕ ಠಾಣೆ. ಅದರ ಅಂಗಳದಲ್ಲಿ ಎತ್ತರದ ಕಂಬದಿಂದ ಉದ್ದುದ್ದ ನೀರಿನ ಪೈಪುಗಳನ್ನು ಒಣಗಲು ನೇತುಹಾಕಿದ್ದರು, ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಬೆಂಕಿ ಆರಿಸಿದ ಮೇಲೆ ಪೈಪುಗಳನ್ನು ಬಟ್ಟೆಯ ಹಾಗೆ ಒಣಹಾಕಬೇಕು ಎಂಬುದು ಅವನಿಗೆ ಈ ವಯಸ್ಸಿನವರೆಗೂ ಗೊತ್ತಿರಲಿಲ್ಲ. ಕೆಳಗೆ ಬಿದ್ದ ನೀರಿನಲ್ಲಿ ಗುಬ್ಬಿಗಳು ಮೀಯುತ್ತಿದ್ದವು. ಅವನು ಕಂಬಿಗೆ ಒರಗಿ ನಿಂತ.

ಬನಿಯನ್ನು ಹಾಕಿಕೊಂಡಿದ್ದ ಒಬ್ಬ ಎತ್ತರದ ಮನುಷ್ಯ ಬಕೆಟ್ ಹಿಡಿದು ಬಂದವನು, "ಯಾರು ಬೇಕಿತ್ತು ಸಾರ್?" ಎಂದ.

"ಯಾರೂ ಬೇಡ. ಸುಮ್ನೆ."

"ಹ್ಞಾಂ, ನೋಡಿ ನೋಡಿ," ಎಂದು ಅವನು ಬಕೆಟ್ಟಿನ ನೀರು ಚೆಲ್ಲಿ ಹೋದ. ಅಷ್ಟೇ. ಸುಮ್ಮನೆ ಯಾರಾದ್ರೂ ಬರ್ತಾರಾ ಎಂದು ಕೇಳಲಿಲ್ಲ. ಹೆಂಡತಿಯನ್ನು ತಾನು ಒಂದೇ ಒಂದು ಸಲವೂ ಹೀಗೆ ಬಿಟ್ಟಿರಲಿಲ್ಲ. ಎಷ್ಟು ಅಕ್ಕರೆಯಿಂದ ಅವಳನ್ನು ಬೇಲಿ ಕಟ್ಟಿ ಕೂರಿಸಿದ್ದ! ಈಗ ಅವಳೂ ಎಲ್ಲೋ ಹೀಗೇ ಒರಗಿ ನಿಂತಿರಬಹುದು, ಏನನ್ನೋ ಬಾಯಿ ತೆರೆದು ನೋಡುತ್ತಾ. ತನ್ನ ಹಾಗೆಯೇ ಅವಳೂ ಕುತೂಹಲದವಳು ಎಂಬುದು ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಅವನಿಗೆ ತಿಳಿದಿರಲಿಲ್ಲ. ನಾಳೆ ಸಭೆಯಲ್ಲಿ ಕಾರಣ ಕೇಳುತ್ತಾರೆ. ವ್ಯಾನು, ಕಾವಲು, ಸಾಲು ಎಲ್ಲ ಇರುವುದೇ. ಕೂಲಿಯವನನ್ನು, ಫೋನು ಮಗನಿಗೆ ಕೊಟ್ಟವಳನ್ನು ಹೇಳಬಹುದು, ಅದು ಸುಳ್ಳೂ ಅಲ್ಲ. ಗುಬ್ಬಿ ಮೀಯುವುದನ್ನು ಅಲ್ಲಿ ಹೇಳುವಂತಿಲ್ಲ.

ಕಚೇರಿಯ ಕಾರನ್ನು ಅಲ್ಲಿಗೇ ಕರೆಸಿ, ಕಾರಿನವನಿಂದ ಚಿಲ್ಲರೆ ಸಾಲ ಪಡೆದು ಟಿಕೆಟ್‌ನವಳ ಬಾಕಿ ತೀರಿಸಿ, ಸಂಜೆ ಅವನು ಮನೆಗೆ ಬಂದಾಗ ಅವಳು ಅಡುಗೆಮನೆಯಲ್ಲಿದ್ದಳು, ಕಂದು ಚಪ್ಪಲಿ ಬಾಗಿಲ ಹಿಂದೆ ಇದ್ದವು, ಅಡಿಯಲ್ಲಿ ಕೆಂಪು ಮಣ್ಣು. ಈ ಕಡೆ ಎಲ್ಲೂ ಕೆಂಪು ಮಣ್ಣಿಲ್ಲ. ಎಲ್ಲಿಯದು? ಪ್ರಶ್ನೆ ನಾಲಿಗೆಯ ತುದಿಗೆ ಬಂದು ನಿಂತಿತು, ಅದನ್ನು ನುಂಗುವುದು ಮಾತ್ರೆ ನುಂಗುವಷ್ಟೇ ಕಷ್ಟವಾಯಿತು. ಊಟಕ್ಕೆ ಕೂತಾಗ ಅವನು ಫೋನು ತೆಗೆಯಲಿಲ್ಲ. ಅವಳು ಒಂದೆರಡು ಸಲ ಅವನ ಜೇಬಿನ ಕಡೆ ನೋಡಿದಳು.

"ನಾಳೆ ಸಭೆಯಲ್ಲಿ ಕಿಟಕಿ ಇರ್ಲಿ ಅಂತ ಹೇಳ್ತೀನಿ," ಎಂದ.

"ಯಾಕೆ ರೀ? ಕಾರ್ಡು ಹಿಡಿಯಿರಿ ಅಂತ ಬರ್ದವರು ನೀವೇ ಅಲ್ವಾ?"

"ಇವತ್ತು ನನಗೇ ಬೇಕಾಯ್ತು. ದುಡ್ಡು ಕೊಟ್ಟು ಟಿಕೆಟ್ ತಗೊಂಡು ಹೋಗಿಬಂದೆ." ಸ್ವಲ್ಪ ತಡೆದು ಹೇಳಿದ: "ಸುಮ್ನೆ."

ಅವಳ ಕೈ ತಟ್ಟೆಯ ಮೇಲೆ ನಿಂತಿತು. ಅವಳು ಅವನನ್ನು ನೋಡಿದಳು, ಬಹಳ ಹೊತ್ತು. ಎಲ್ಲಿಗೆ ಎಂದು ಕೇಳುತ್ತಾಳೆಂದು ಅವನು ಕಾದ. ಕೇಳಲಿ ಎಂದು ಆಸೆಯಾಯಿತು, ಪೈಪುಗಳು, ಗುಬ್ಬಿಗಳು, ಬಕೆಟ್ಟಿನವನ ಮಾತು ಎಲ್ಲ ತುಟಿಯವರೆಗೆ ಬಂದಿದ್ದವು. ಅವಳು ಕೇಳಲಿಲ್ಲ. "ಒಳ್ಳೇದಾಯ್ತು," ಎಂದು ಅವನ ತಟ್ಟೆಗೆ ಇನ್ನಷ್ಟು ಬಡಿಸಿದಳು.

ಊಟವಾದ ಮೇಲೆ ರೂಢಿಯಂತೆ ಮುಲಾಮು ತೆಗೆದು, ಮುಚ್ಚಳ ಬಿಚ್ಚಿ ಕೂತ. ಇವತ್ತು ಬೇಡ ಎಂದರೆ ತಾನು ಕಂಡದ್ದು ಅವಳಿಗೆ ತಿಳಿದುಬಿಟ್ಟೀತೆಂದು ಅವನಿಗೆ ಭಯವಾಗಿತ್ತು. ಅವಳು ಬಂದು ಪಕ್ಕದಲ್ಲಿ ಕೂತಳು, ಕಾಲು ಚಾಚಲಿಲ್ಲ.

"ಅದು ಬೇಡ ರೀ. ಮಂಡಿ ಚೆನ್ನಾಗಿದೆ." ಆಮೇಲೆ, ನೆಲ ನೋಡುತ್ತಾ, "ಮೊದಲಿಂದ್ಲೂ ಚೆನ್ನಾಗೇ ಇತ್ತು," ಎಂದಳು.

ಅವನು ಮುಚ್ಚಳ ತಿರುಗಿಸಿ ಮುಚ್ಚಿದ. ಕಿಟಕಿಯಾಚೆ ಪಕ್ಕದ ಮನೆಯವರು ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಇಬ್ಬರೂ ಅದನ್ನೇ ನೋಡುತ್ತಾ ಕೂತರು.

"ಒಂದು ದಿನ ಒಂದು ಆಡು ನೋಡ್ದೆ ರೀ," ಎಂದಳು ಅವಳು, ಮೆಲ್ಲಗೆ, ಅವನ ಕಡೆ ತಿರುಗದೆ. "ಗೋಡೆ ಮೇಲೆ ನಿಂತಿತ್ತು. ಅಷ್ಟೆತ್ತರ."

ಯಾವ ಗೋಡೆ, ಯಾವ ದಿನ, ಯಾವ ಸ್ಟೇಷನ್ನು ಎಂದು ಎದ್ದುಬಂದದ್ದನ್ನೆಲ್ಲ ಅವನು ಒಳಗೇ ಕೂರಿಸಿದ.

"ಇಳೀತಾ?" ಎಂದ.

ಅವಳು ಅವನ ಕಡೆ ತಿರುಗಿದಳು. "ಇಳೀದೆ ಏನ್ಮಾಡುತ್ತೆ?" ಎಂದು, ಕಾಲು ಮಡಚಿ ಸೋಫಾದ ಮೇಲೆ ಎತ್ತಿಟ್ಟುಕೊಂಡು, ಮೊದಲಿನಿಂದ ಹೇಳಲು ಶುರುಮಾಡಿದಳು.